ಬಾಗಿಲ ಪಾಲು

ಹವೀಸ್ ಮೂರು ಗಂಡಂದಿರನ್ನು ಚರ್ಚಿನ ಬಾಗಿಲಲ್ಲಿ ನಿಂತು ಮದುವೆಯಾದವಳು. ಮೂವರನ್ನೂ ಅದೇ ಚರ್ಚಿನ ಹಿಂದೆ ಮಣ್ಣು ಮಾಡಿದವಳು. ನಾಲ್ಕನೆಯವನ ಜೊತೆ ಮಾತ್ರ ಅವಳು ಬಾಗಿಲಿಗೆ ಹೋಗಲಿಲ್ಲ. ಬೇರೆ ಯಾವ ಹೆಂಗಸು ಹೀಗೆ ಮಾಡಿದ್ದರೂ ನಾನು ದಡ್ಡಿ ಅಂತ ಬಯ್ದು ಸುಮ್ಮನಾಗುತ್ತಿದ್ದೆ. ಹವೀಸ್ ಮಾಡಿದಳಲ್ಲ ಅಂತ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಮದುವೆ ನಡೆಯುವುದು ಚರ್ಚಿನ ಒಳಗಲ್ಲ, ಬಾಗಿಲಲ್ಲಿ. ಪೂಜೆಗೆ ಆಮೇಲೆ ಒಳಗೆ ಹೋಗುತ್ತಾರೆ. ಬಾಗಿಲಲ್ಲಿ ನಿಂತು, ಊರವರೆಲ್ಲರ ಎದುರು, ಗಂಡು ಗಟ್ಟಿಯಾಗಿ ಹೇಳಬೇಕು: ನಾನು ಸತ್ತರೆ ನನ್ನ ಮನೆ ಹೊಲದಲ್ಲಿ ಮೂರನೇ ಒಂದು ಪಾಲು ಇವಳು ಬದುಕಿರುವ ತನಕ ಇವಳದು. ಅದನ್ನೇ ನಾವು ಬಾಗಿಲ ಪಾಲು ಅನ್ನುತ್ತೇವೆ. ಅಲ್ಲಿ ಹೇಳಿದ್ದನ್ನು ಊರ ಧಣಿಯ ನ್ಯಾಯದ ಚಾವಡಿಯಲ್ಲಿ ಯಾರೂ ಅಲ್ಲಾಡಿಸುವಂತಿಲ್ಲ. ಅದೇ ಮಾತನ್ನು ಗಂಡ ಅಡುಗೆಮನೆಯಲ್ಲೋ ಹಾಸಿಗೆಯಲ್ಲೋ ನೂರು ಸಲ ಹೇಳಿದರೂ ಉಪಯೋಗವಿಲ್ಲ. ಹೆಣ ಎತ್ತಿದ ಮಾರನೇ ದಿನ ವಾರಸುದಾರ ಬಂದು ಹೊರಗೆ ಹಾಕಬಹುದು.

ಇದನ್ನು ಊರಿನ ಹೆಣ್ಣುಮಕ್ಕಳಿಗೆಲ್ಲ ಕಲಿಸಿದವಳೇ ಹವೀಸ್. ನನ್ನ ಮದುವೆಯಲ್ಲಿ ನನ್ನ ಗಂಡ ಹಾಬ್ ನಾಚಿಕೊಂಡು ಗೊಣಗಿದಾಗ, ಜನರ ಹಿಂದಿನಿಂದ ಅವಳು ಕೂಗಿದ್ದಳು. "ಏಯ್ ಹಾಬ್! ಗಂಟಲಲ್ಲಿ ಏನು ಇಲಿ ಕೂತಿದ್ಯಾ? ಜೋರಾಗಿ ಹೇಳೋ, ಇಲ್ಲಿರೋರಿಗೆ ಕೇಳಿಸ್ಲಿಲ್ಲ!" ಜನ ಬಿದ್ದು ಬಿದ್ದು ನಕ್ಕರು. ಹಾಬ್ ಕಿವಿಯೆಲ್ಲ ಕೆಂಪಗಾಗಿ ಕಿರುಚಿಕೊಂಡ. ನನಗೆ ಆಗ ಅವಳ ಮೇಲೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ನನ್ನ ಸ್ವಂತ ತಾಯಿಗೂ ಅಷ್ಟು ಬುದ್ಧಿ ಇರಲಿಲ್ಲ ಅಂತ.

ಅಂಥವಳು ಹನ್ನೊಂದು ವರ್ಷದ ಹಿಂದೆ ಬಣ್ಣಗಾರ ಆಸ್ಬರ್ಟನನ್ನು ಅವನ ಬಣ್ಣದ ಮನೆಯಲ್ಲಿ, ನೀಲಿ ತೊಟ್ಟಿಯ ಪಕ್ಕ ನಿಂತು, ಕೈ ಹಿಡಿದು ಗಂಡ ಅಂದಳು. ಅವನು ಹೆಂಡತಿ ಅಂದ. ದೇವರ ಲೆಕ್ಕದಲ್ಲಿ ಅಷ್ಟು ಸಾಕು. ಪಾದ್ರಿ ಥರ್ಸ್ಟನ್ ಇಬ್ಬರಿಗೂ ದಂಡ ಹಾಕಿ, ಬಯ್ದು, ಗಂಡ ಹೆಂಡಿರು ಅಂತ ಒಪ್ಪಿಕೊಂಡರು. ಆದರೆ ಬಾಗಿಲು? ನಾನೇ ಹೋಗಿ ಕೇಳಿದೆ.

"ಅಕ್ಕ, ನಮಗೆಲ್ಲ ಹೇಳಿಕೊಟ್ಟು ನೀನೇ ಹಿಂಗೆ ಮಾಡಿದ್ರೆ ಹೆಂಗೆ? ಒಂದು ದಿನ ಬಾಗಿಲಿಗೆ ಹೋಗಿ ಹೇಳಿಸ್ಕೊಂಡು ಬಾ."

"ಮೂರು ಸಲ ಸಂತೆ ಹಸು ಥರ ನಿಂತು ಬೆಲೆ ಮಾತಾಡಿದೀನಿ ಕಣೇ ಎಮ್ಮಟ್," ಅಂದಳು. "ಮೊದಲನೆಯವನು ಮುದುಕ, ಎರಡನೆಯವನು ಕುಡುಕ, ಮೂರನೆಯವನು ಕೈ ಎತ್ತೋನು. ಅವರ ಹತ್ರ ಪಾಲು ಕೇಳಿದ್ದು ನ್ಯಾಯ. ಇವನ ಹತ್ರ ಬೆಲೆ ಕೇಳೋಕೆ ಮನಸ್ಸು ಬರಲಿಲ್ಲ. ಬಿಡು ಅತ್ಲಾಗೆ."

ಆಸ್ಬರ್ಟ್ ಮೊಣಕೈ ತನಕ ನೀಲಿ ಹತ್ತಿದ ಕೈಯ ಮನುಷ್ಯ. ಯಾವುದನ್ನೂ ಗಂಭೀರವಾಗಿ ತೆಗೆದುಕೊಳ್ಳದವನು. ಅವಳು ಬಯ್ದರೆ ನಗುತ್ತಿದ್ದ. ಅವಳ ಗಂಡಂದಿರಲ್ಲಿ ಅವಳ ಬೈಗುಳಕ್ಕೆ ನಕ್ಕವನು ಅವನೊಬ್ಬನೇ. ಹಿಂದಿನ ಮೂವರಿಂದ ಬಂದ ಪಾಲುಗಳನ್ನೆಲ್ಲ ಅವಳು ಅವರವರ ವಾರಸುದಾರರಿಗೇ ದುಡ್ಡಿಗೆ ಬಿಟ್ಟುಕೊಟ್ಟು, ಬಂದ ದುಡ್ಡನ್ನು ಆಸ್ಬರ್ಟನ ಬಣ್ಣದ ಮನೆಗೆ ಸುರಿದಳು. ಎರಡು ಹೊಸ ತೊಟ್ಟಿ, ಕಲ್ಲಿನ ನೆಲ, ಹೊಳೆಯಿಂದ ನೀರು ತರುವ ಕಾಲುವೆ. ಎಲ್ಲವೂ ಗಂಡನ ಹೆಸರಿನಲ್ಲೇ ಇದ್ದವು. ಹೆಂಡತಿಯ ಹೆಸರಿನಲ್ಲಿ ನಮ್ಮಲ್ಲಿ ಏನೂ ಇರುವುದಿಲ್ಲ.

ಕ್ರಿಸ್ಮಸ್ ಕಳೆದ ಮೇಲೆ ಆಸ್ಬರ್ಟನಿಗೆ ಕೆಮ್ಮು ಹಿಡಿಯಿತು. ಕಾಲು ಬಾತುಕೊಂಡಿತು. ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವ ಹಿಂದಿನ ದಿನ, ಊರೆಲ್ಲ ದೋಸೆ ಹುಯ್ದು ತಿನ್ನುತ್ತಿದ್ದಾಗ, ಅವನು ರಕ್ತ ಕಾರಿದ. ಮಾರನೇ ಬೆಳಿಗ್ಗೆ ಮಕ್ಕಳಿಲ್ಲದ ಅವನ ವಾರಸುದಾರ, ತಮ್ಮನ ಮಗ ಹೇಮೊ ನೋಡಲು ಬಂದ. ದೊಡ್ಡಪ್ಪನ ಕಾಲ ಬಳಿ ಎರಡು ನಿಮಿಷ ಕೂತ. ಆಮೇಲೆ ಹಿತ್ತಲಿಗೆ ಹೋದವನು ಒಂದು ಉದ್ದದ ಕೋಲು ಹಿಡಿದುಕೊಂಡು ಬಣ್ಣದ ಮನೆಯ ಗೋಡೆಯನ್ನು ಅಳೆಯತೊಡಗಿದ.

ಹವೀಸ್ ಅವನ ಕೈಯಿಂದ ಕೋಲು ಕಿತ್ತುಕೊಂಡಳು. "ಏನೋ ಇದು?"

"ಏನಿಲ್ಲ ದೊಡ್ಡಮ್ಮ. ಸುಮ್ನೆ. ಎಷ್ಟು ಕುರಿ ಹಿಡಿಸುತ್ತೆ ಅಂತ ನೋಡ್ತಿದ್ದೆ."

"ನಿಮ್ಮ ದೊಡ್ಡಪ್ಪ ಇನ್ನೂ ಉಸಿರಾಡ್ತಿದಾನೆ."

"ಅದಕ್ಕೇ ದೊಡ್ಡಮ್ಮ, ಮೆತ್ತಗೆ ಅಳೀತಿದೀನಿ," ಅಂದ ಅವನು. ಆ ಹುಡುಗ ಯಾವಾಗಲೂ ಹಾಗೆ, ಬಹಳ ವಿನಯ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ಬಾರಿಸಲಿಲ್ಲ.

ಅವತ್ತು ಬೂದಿ ಬುಧವಾರ. ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಹೋದ ಹವೀಸ್, ಸಾಲಿನಿಂದ ಈಚೆ ಬಂದು ಪಾದ್ರಿಯ ಎದುರು ನಿಂತಳು. ನಾನು ಅವಳ ಹಿಂದೆಯೇ ಇದ್ದೆ.

"ಸ್ವಾಮಿ, ನಾಳೆ ಆಸ್ಬರ್ಟನನ್ನ ಬಾಗಿಲಿಗೆ ತರ್ತೀನಿ. ನಮ್ಮ ಮದುವೆ ಮಾಡಿಸಿ."

ಪಾದ್ರಿ ಥರ್ಸ್ಟನ್ ಬೂದಿ ಬಟ್ಟಲನ್ನು ಕೆಳಗಿಟ್ಟರು. "ಹನ್ನೊಂದು ವರ್ಷ ಎಲ್ಲಿದ್ಯಮ್ಮಾ? ಇವತ್ತಿಂದ ತಪಸ್ಸುಕಾಲ. ಈಸ್ಟರ್ ಕಳೆದು ಎಂಟು ದಿನ ಆಗೋ ತನಕ ಬಾಗಿಲಲ್ಲಿ ಮದುವೆ ಇಲ್ಲ. ನಿನಗೆ ಗೊತ್ತಿರೋದೇ."

"ಅಷ್ಟು ದಿನ ಅವನು ಇರಲ್ಲ."

"ನಾನು ಮನೆಗೇ ಬಂದು ಹಾಸಿಗೆ ಹತ್ರ ಆಶೀರ್ವಾದ ಮಾಡ್ತೀನಿ."

"ಹಾಸಿಗೆ ಹತ್ರ ಹೇಳಿದ್ದಕ್ಕೆ ಪಾಲು ಸಿಗಲ್ಲ ಸ್ವಾಮಿ. ನಿಮ್ಮ ಆಶೀರ್ವಾದ ಹೊದ್ಕೊಂಡು ಬೀದೀಲಿ ಮಲಗ್ಲಾ?"

ಪಾದ್ರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಳ್ಳೆಯ ಮನುಷ್ಯ. ತಪಸ್ಸುಕಾಲದ ಭಾನುವಾರಗಳಲ್ಲಿ ಮೂರು ಸಲ ಮದುವೆ ಸಾರುತ್ತೇನೆ, ಅವಧಿ ಮುಗಿದ ಮೊದಲ ದಿನವೇ ಬೆಳಿಗ್ಗೆ ಬಾಗಿಲಲ್ಲಿ ನಿಂತಿರುತ್ತೇನೆ ಅಂದರು. ಅದಕ್ಕಿಂತ ಹೆಚ್ಚು ಅವರ ಕೈಯಲ್ಲಿ ಇರಲಿಲ್ಲ.

ಐವತ್ತನಾಲ್ಕು ದಿನ. ಅಷ್ಟು ದಿನ ಒಬ್ಬ ಸಾಯುವ ಮನುಷ್ಯನನ್ನು ಬದುಕಿಸಿಡಬೇಕು.

ಅವಳು ಬದುಕಿಸಿದಳು. ಊರೆಲ್ಲ ಮಾಂಸ ಬಿಟ್ಟು ಉಪ್ಪುಮೀನು ತಿನ್ನುವಾಗ ಅವನಿಗೆ ಕೋಳಿ ಸಾರು ಮಾಡಿ ಕುಡಿಸಿದಳು. ಜೇನು, ಈರುಳ್ಳಿ, ಬಿಸಿ ಏಲ್ ಹೆಂಡ, ಎದೆಗೆ ಹೆಬ್ಬಾತಿನ ಕೊಬ್ಬು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೆ ಒರಗಿಸಿ ಕೂರಿಸಿದಳು. ಅವನು ಕಣ್ಣು ಮುಚ್ಚಿದರೆ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. "ಏಯ್ ಆಸ್ಬರ್ಟ್! ಈಗಲ್ಲ. ಈಗ ಹೋದ್ರೆ ನಿನ್ನ ಗೋರಿ ಮೇಲೆ ಉಗೀತೀನಿ!" ಅವನು ನಗಲು ಹೋಗಿ ಕೆಮ್ಮುತ್ತಿದ್ದ. ಒಂದು ಮಧ್ಯಾಹ್ನ ನಾನು ನೂಲು ತಂದುಕೊಡಲು ಹೋದಾಗ ಅವನು ನನ್ನನ್ನು ಹತ್ತಿರ ಕರೆದ.

"ಎಮ್ಮಟ್, ಇವಳಿಗೆ ಹೇಳೇ. ನನ್ನನ್ನ ಬಿಡು ಅಂತ. ಸಾಕಾಗಿದೆ."

ನಾನು ಹೇಳಿದೆ. ಅವಳು ಸೌಟು ಎತ್ತಿಕೊಂಡು ನನ್ನ ಮೇಲೆ ಬಂದಳು. "ನಿಂಗೆ ನಿನ್ನ ಪಾಲು ಇದೆ. ಹಾಬ್ ಕಿರುಚಿ ಹೇಳಿದಾನೆ. ನೀನು ಮಾತಾಡಬೇಡ."

ಈಸ್ಟರ್ ಬಂತು, ಹೋಯಿತು. ಆಸ್ಬರ್ಟ್ ಇನ್ನೂ ಇದ್ದ. ತುಟಿ ಅವನ ಕೈಯ ಬಣ್ಣಕ್ಕೇ ತಿರುಗಿತ್ತು, ಆದರೂ ಇದ್ದ. ಮೊದಲ ಬಾರಿಗೆ ನನಗೂ ಇವಳು ಗೆಲ್ಲಬಹುದು ಅನಿಸಿತು.

ಮದುವೆಗೆ ಬಾಗಿಲು ತೆರೆಯುವ ಮೊದಲ ದಿನ ಯಾವುದು ಅಂತ ನಮ್ಮೂರಿನ ಕೂಸಿಗೂ ಗೊತ್ತು. ಹಾಕ್ ಸೋಮವಾರ. ಅವತ್ತು ಹೆಂಗಸರ ದಿನ. ಬೆಳಗಾಗುತ್ತಲೇ ನಾವು ಹಗ್ಗ ತೆಗೆದುಕೊಂಡು ದಾರಿಗೆ ಇಳಿಯುತ್ತೇವೆ. ಸಿಕ್ಕ ಗಂಡಸನ್ನು ಹಿಡಿದು ಕಟ್ಟುತ್ತೇವೆ. ಏನಾದರೂ ಕೊಡುತ್ತೇನೆ ಅಂತ ಒಪ್ಪಿದ ಮೇಲೆಯೇ ಬಿಡುವುದು. ಕೊಟ್ಟ ಫಾರ್ದಿಂಗು, ಪೆನ್ನಿಯಂಥ ಚಿಲ್ಲರೆ ಕಾಸು ಚರ್ಚಿಗೆ. ಕಟ್ಟಿಸಿಕೊಂಡ ಗಂಡಸರು ಬಾಯಿಗೆ ಬಂದದ್ದು ಹೇಳುತ್ತಾರೆ: ನನ್ನ ಹಂದಿ ತಗೋ, ನನ್ನ ಹೊಲ ತಗೋ, ನನ್ನ ಅತ್ತೇನ ತಗೋ. ಅದನ್ನು ಯಾರೂ ಮಾರನೇ ದಿನ ಕೇಳುವುದಿಲ್ಲ.

"ಇನ್ನೆರಡು ದಿನ ತಡೀಬಹುದಲ್ಲ ಅಕ್ಕ," ಅಂದೆ. "ಮಂಗಳವಾರ ಗಂಡಸರು ಹಗ್ಗ ಹಿಡಿಯೋ ದಿನ. ಬುಧವಾರ ಹೋಗೋಣ."

"ಅವನ ಉಗುರು ನೋಡಿದ್ಯಾ?" ಅಂದಳು. ನೋಡಿದ್ದೆ. ಅದು ತೊಟ್ಟಿಯ ನೀಲಿಯಲ್ಲ, ಸಾವಿನ ನೀಲಿ.

ಗಂಡಸರನ್ನು ಕರೆಯಲು ಹೋದರೆ ಒಬ್ಬನೂ ಸಿಗಲಿಲ್ಲ. ಹಗ್ಗಕ್ಕೆ ಹೆದರಿ ಅರ್ಧ ಜನ ಅಟ್ಟ ಸೇರಿದ್ದರು, ಇನ್ನರ್ಧ ಏಲ್ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಹಾಬ್ ಮಂಚದ ಕೆಳಗಿದ್ದ, ಎಳೆದರೂ ಬರಲಿಲ್ಲ. ಚರ್ಚು ಇರುವುದು ಗುಡ್ಡದ ಮೇಲೆ, ಮೆಟ್ಟಿಲ ದಾರಿ, ಗಾಡಿ ಹೋಗುವುದಿಲ್ಲ. ಕೊನೆಗೆ ಕುರ್ಚಿಗೆ ಎರಡು ಉದ್ದನೆಯ ಕೋಲು ಕಟ್ಟಿ ನಾವು ನಾಲ್ಕು ಹೆಂಗಸರು ಹೊತ್ತೆವು. ಮುಂದೆ ಕಮ್ಮಾರನ ಹೆಂಡತಿ ಗುನ್ನಿಲ್ಡ ಮತ್ತು ಅವಳ ತಂಗಿ, ಹಿಂದೆ ಹವೀಸ್ ಮತ್ತು ನಾನು.

ಜಿನುಗು ಮಳೆ. ಹತ್ತನೇ ಮೆಟ್ಟಿಲಿಗೇ ಆಸ್ಬರ್ಟ್ ಜಾರಿದ. ಎಳೆದು ಕೂರಿಸಿದೆವು. ಮತ್ತೆ ಎರಡು ಮೆಟ್ಟಿಲು, ಮತ್ತೆ ಜಾರಿದ. ಈ ಸಲ ಮಂಡಿ ಕಲ್ಲಿಗೆ ತಾಗಿ ಚೀರಿದ. ನನ್ನ ಸೊಂಟದಲ್ಲಿ ಹಾಕ್ ದಿನದ ಹಗ್ಗ ಇತ್ತು. ಬಿಚ್ಚಿದೆ.

"ಹಗ್ಗ ಬೇಡ," ಅಂದಳು ಹವೀಸ್.

"ಬಿದ್ದು ಸಾಯ್ತಾನೆ ಅಕ್ಕ."

"ಇವತ್ತು ಹಗ್ಗ ಬೇಡ ಎಮ್ಮಟ್. ಬೇರೆ ಯಾವತ್ತಾದ್ರೂ ಪರವಾಗಿಲ್ಲ. ಇವತ್ತು ಬೇಡ."

ನನ್ನ ಭುಜ ಕಿತ್ತು ಬರುತ್ತಿತ್ತು. ಮಳೆನೀರು ಕಣ್ಣಿಗೆ ಇಳಿಯುತ್ತಿತ್ತು. ಐವತ್ತನಾಲ್ಕು ದಿನದಿಂದ ಅವಳ ಅಪ್ಪಣೆ ಕೇಳಿ ಕೇಳಿ ನನಗೆ ಸಾಕಾಗಿತ್ತು. "ಎಲ್ಲಾದಕ್ಕೂ ನಿಂದೇ ಮಾತಾ?" ಅಂತ ಕಿರುಚಿದೆ. "ಹಂಗಾದ್ರೆ ನೀನೇ ಹೊತ್ಕೊಂಡು ಹೋಗು, ನಾನು ಹೋಗ್ತೀನಿ ಮನೆಗೆ!" ಅವಳು ನನ್ನ ಮುಖ ನೋಡಿದಳು. ನಾನು ಹೋದರೆ ಮೂರು ಜನ ಉಳಿಯುತ್ತಿದ್ದರು. ಮೂರು ಜನಕ್ಕೆ ಕುರ್ಚಿ ಏಳುತ್ತಿರಲಿಲ್ಲ. ಅವಳು ಬೇರೆ ಕಡೆ ತಿರುಗಿದಳು. ನಾನು ಆಸ್ಬರ್ಟನ ಎದೆಗೆ, ತೋಳಿಗೆ, ಕುರ್ಚಿಯ ಬೆನ್ನಿಗೆ ಸೇರಿಸಿ ಮೂರು ಸುತ್ತು ಬಿಗಿದೆ.

ಅರ್ಧ ದಾರಿಯಲ್ಲಿ ಜನ ನೋಡಿದರು. ಹೆಂಗಸರು, ಹಗ್ಗ, ಕಟ್ಟಿಹಾಕಿದ ಗಂಡಸು. ಇನ್ನೇನು ಬೇಕು? ಏಲ್ ಮನೆಯ ಕಿಟಕಿ ತೆರೆಯಿತು. ಅಡಗಿದ್ದವರೆಲ್ಲ ನಗುತ್ತ ಹೊರಗೆ ಬಂದರು. ತಟ್ಟೆ ಬಡಿದುಕೊಂಡು ಹಿಂದೆ ಹೊರಟರು. ಹೇಮೊನೂ ಬಂದ.

"ಓಹೋಹೋ! ಹವೀಸ್ ಸ್ವಂತ ಗಂಡನ್ನೇ ಹಿಡಿದ್ಲು ನೋಡ್ರೋ!"

"ಆಸ್ಬರ್ಟಣ್ಣ, ಬಿಡಿಸ್ಕೊಳ್ಳೋಕೆ ಎಷ್ಟು ಕೊಡ್ತೀಯೋ?"

ಆಸ್ಬರ್ಟ್ ಕಣ್ಣು ತೆರೆದ. ಹಾಕ್ ಸೋಮವಾರ ಅವನಿಗೆ ಯಾವಾಗಲೂ ಇಷ್ಟ. ಪ್ರತಿ ವರ್ಷ ಬೇಕಂತಲೇ ಬಂದು ಸಿಕ್ಕಿಬೀಳುತ್ತಿದ್ದ. ಅವನ ಮುಖದಲ್ಲಿ ಹಳೇ ನಗು ಬಂತು. ಎಲ್ಲಿತ್ತೋ ಅಷ್ಟು ದನಿ, ಗಟ್ಟಿಯಾಗಿ ಹೇಳಿದ.

"ಮನೇಲಿ ಮೂರನೇ ಒಂದು ಪಾಲು ಕಣ್ರೋ! ಅದಕ್ಕಿಂತ ಕಮ್ಮಿಗೆ ಇವಳು ಬಿಡಲ್ಲ!"

ಜನ ಹೋ ಅಂತ ನಕ್ಕರು. ಗುನ್ನಿಲ್ಡ ನಕ್ಕಳು. ನಾನೂ ನಕ್ಕೆ. ಹವೀಸಳೂ ನಕ್ಕಳು, ಐವತ್ತನಾಲ್ಕು ದಿನದಲ್ಲಿ ಅದೇ ಮೊದಲು. "ಹಾಳಾದೋನೇ, ಉಸಿರು ಉಳಿಸ್ಕೋ," ಅಂದಳು.

ಬಾಗಿಲಲ್ಲಿ ಪಾದ್ರಿ ಥರ್ಸ್ಟನ್ ಹೇಳಿದಂತೆಯೇ ನಿಂತಿದ್ದರು. ಕುರ್ಚಿ ಇಳಿಸಿದೆವು. ಹವೀಸ್ ನನ್ನ ಕಡೆ ತಿರುಗಿ "ಬಿಚ್ಚು," ಅಂದಳು. ನಾನು ಒಂದು ಸುತ್ತು ಸಡಿಲ ಮಾಡಿದೆನೋ ಇಲ್ಲವೋ, ಆಸ್ಬರ್ಟ್ ಮೂಟೆಯಂತೆ ಮುಂದಕ್ಕೆ ವಾಲಿದ. ಬಾಯಿಂದ ಕೆಂಪು ನೊರೆ ಬಂತು.

"ಬೇಗ ಬೇಗ," ಅಂದರು ಪಾದ್ರಿ. "ಬಿಚ್ಚಿದ್ರೆ ಮನುಷ್ಯ ಉಳಿಯಲ್ಲ. ಹಿಂಗೇ ಹೇಳಿಸೋಣ."

ಅವಳು ಒಂದು ಕ್ಷಣ ನಿಂತಳು. ಅವಳು ಏನನ್ನೂ ಹಾಗೆ ನಿಂತು ಯೋಚಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ "ಇರಲಿ, ಬಿಗಿ," ಅಂದಳು. ನಾನು ಮತ್ತೆ ಬಿಗಿದೆ.

ಆಸ್ಬರ್ಟ್ ಎಲ್ಲವನ್ನೂ ಸರಿಯಾಗಿ ಹೇಳಿದ. ಇವಳನ್ನು ಹೆಂಡತಿಯಾಗಿ ಸ್ವೀಕರಿಸುತ್ತೇನೆ ಅಂದ. ಮನೆ, ಬಣ್ಣದ ಮನೆ, ಹೊಳೆಯಾಚೆ ಹೊಲ, ಮೂರರಲ್ಲೂ ಮೂರನೇ ಒಂದು ಪಾಲು ಅಂದ. ಮಧ್ಯೆ ಮಧ್ಯೆ ನಿಂತು ಉಸಿರು ಎಳೆದುಕೊಂಡ, ಆದರೆ ಒಂದು ಮಾತೂ ಬಿಡಲಿಲ್ಲ. ಹಿಂದೆ ಜನ ತಟ್ಟೆ ಬಡಿಯುತ್ತಲೇ ಇದ್ದರು. ಕೆಲವರು ಕುರ್ಚಿಯ ಕಾಲ ಬಳಿ ಫಾರ್ದಿಂಗು ಎಸೆದರು.

ಬುಧವಾರ ಮಧ್ಯಾಹ್ನ ಅವನು ಸತ್ತ. ಈ ಸಲ ಅವಳು ಅಲ್ಲಾಡಿಸಲಿಲ್ಲ. ತೊಡೆಯ ಮೇಲೆ ಅವನ ತಲೆ ಇಟ್ಟುಕೊಂಡು, "ಹೋಗು, ಇನ್ನು ಹೋಗು," ಅಂದಳು.

ಮೂರು ವಾರ ಕಳೆದು ಧಣಿಯ ಚಾವಡಿ ಸೇರಿತು. ಧಣಿಯ ಪರವಾಗಿ ಪಾರುಪತ್ಯಗಾರ ಮೇಜಿನ ಹಿಂದೆ ಕೂತ. ಹನ್ನೆರಡು ಮಂದಿ ಪಂಚರು ಬೆಂಚಿನ ಮೇಲೆ. ಹವೀಸ್ ತನ್ನ ಪಾಲು ಕೇಳಿದಳು. ಪಾದ್ರಿ ಎದ್ದು ನಿಂತು, ಸಾರಿದ್ದು ನಿಜ, ಬಾಗಿಲಲ್ಲಿ ಹೇಳಿದ್ದು ನಿಜ, ನಾನೇ ಕೇಳಿದ್ದೇನೆ ಅಂತ ಆಣೆ ಮಾಡಿದರು. ನನಗೆ ಧೈರ್ಯ ಬಂತು.

ಆಗ ಹೇಮೊ ಎದ್ದ. ಟೋಪಿ ತೆಗೆದು, ಎಲ್ಲರಿಗೂ ಕೈಮುಗಿದ.

"ದೊಡ್ಡಮ್ಮ ಸುಳ್ಳು ಹೇಳ್ತಾರೆ ಅಂತ ನಾನು ಹೇಳಲ್ಲ ಬುದ್ಧಿ. ಪಾದ್ರಿಗಳೂ ಸುಳ್ಳು ಹೇಳಲ್ಲ. ಒಂದೇ ಮಾತು ಕೇಳ್ತೀನಿ. ಅವತ್ತು ಯಾವ ದಿನ? ನಮ್ಮ ದೊಡ್ಡಪ್ಪ ಬಾಗಿಲಲ್ಲಿ ಹೇಳಬೇಕಾದ್ರೆ ಹಗ್ಗದಲ್ಲಿ ಇದ್ನೋ ಇಲ್ವೋ? ದಾರೀಲಿ ಬಿಡಿಸ್ಕೊಳ್ಳೋಕೆ ಏನು ಕೊಡ್ತೀಯ ಅಂತ ಕೇಳಿದಾಗ ಏನಂದ? ಇಲ್ಲಿರೋರೆಲ್ಲ ಕೇಳಿಸ್ಕೊಂಡಿದೀರ."

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಕೇಳಿಸಿಕೊಂಡಿದ್ದರು. ಎಲ್ಲರೂ ನಕ್ಕಿದ್ದರು.

"ಬೀಳ್ತಿದ್ದ ಅಂತ ಕಟ್ಟಿದ್ದು!" ನಾನು ಕೂಗಿದೆ. "ನಾನೇ ಕಟ್ಟಿದ್ದು! ಅವಳು ಬೇಡ ಅಂದ್ಲು!"

"ನೋಡಿ ಬುದ್ಧಿ," ಅಂದ ಹೇಮೊ ಮೆತ್ತಗೆ. "ಹಾಕ್ ದಿನ ಹಗ್ಗ ಬೇಡ ಅಂತ ದೊಡ್ಡಮ್ಮನಿಗೇ ಗೊತ್ತಿತ್ತು."

ಪಾರುಪತ್ಯಗಾರ ನನಗೆ ಸುಮ್ಮನಿರಲು ಹೇಳಿದ.

ಪಂಚರ ಹಿರಿಯ ಗಿರಣಿಯ ಓಸ್ಮಂಡ್. ಹವೀಸಳ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಅವಳು ಹಿಂದೆ ಮಾಡಿ ಮಾರುತ್ತಿದ್ದ ಏಲ್ ಕುಡಿದೇ ದೊಡ್ಡವನಾದವನು. ಹೊರಗೆ ಹೋಗಿ ಮಾತಾಡಿಕೊಂಡು ಬಂದು ತಲೆ ತಗ್ಗಿಸಿಕೊಂಡು ಹೇಳಿದ.

"ಬುದ್ಧಿ, ಮದುವೆ ಮದುವೆನೇ. ಅದು ಚರ್ಚಿನ ವಿಷಯ. ಆದ್ರೆ ಹಾಕ್ ಸೋಮವಾರ ಹಗ್ಗದಲ್ಲಿರೋ ಗಂಡಸು ಏನು ಕೊಡ್ತೀನಿ ಅಂದ್ರೂ ನಮ್ಮೂರಲ್ಲಿ ಅದು ಲೆಕ್ಕಕ್ಕಿಲ್ಲ. ನಮ್ಮಜ್ಜನ ಕಾಲದಿಂದ ಹಂಗೇ. ಇದನ್ನ ಒಪ್ಪಿದ್ರೆ ನಾನು ಹೋದ ವರ್ಷ ಗುನ್ನಿಲ್ಡಳಿಗೆ ಗಿರಣಿನೇ ಕೊಟ್ಟಂಗೆ ಆಯ್ತದೆ. ಇಲ್ಲಿರೋ ಹನ್ನೆರಡು ಜನರಲ್ಲಿ ಹತ್ತು ಜನ ಬೀದಿಗೆ ಬೀಳ್ತೀವಿ."

ಬೆಂಚಿನ ಮೇಲೆ ಯಾರೋ ನಕ್ಕರು. ಹವೀಸ್ ಎದ್ದಳು. ಅವಳು ಈಗ ಬಯ್ಯುತ್ತಾಳೆ, ಮೇಜು ಉರುಳಿಸುತ್ತಾಳೆ, ಓಸ್ಮಂಡನ ಗಡ್ಡ ಹಿಡಿಯುತ್ತಾಳೆ ಅಂತ ಎಲ್ಲರೂ ಕಾಯುತ್ತಿದ್ದರು. ನಾನಂತೂ ಕಾಯುತ್ತಿದ್ದೆ. ಅವಳು ಪಾರುಪತ್ಯಗಾರನಿಗೆ ತಲೆ ಬಾಗಿ, ಬಾಗಿಲು ದಾಟಿ ಹೋದಳು.

ದಾರಿಯಲ್ಲಿ ಹಿಂದೆ ಓಡಿ ಅವಳ ತೋಳು ಹಿಡಿದೆ. "ಬಯ್ಯಿ ಅಕ್ಕ. ನನ್ನನ್ನ ಬಯ್ಯಿ. ಹೊಡಿ ಬೇಕಾದ್ರೆ."

"ಏನಂತ ಬಯ್ಯಲಿ? ಅವನು ಬೀಳ್ತಿದ್ದ. ನೀನು ಕಟ್ಟಿದೆ."

"ದೊಡ್ಡ ಊರಿಗೆ ಹೋಗೋಣ. ರಾಜನ ನ್ಯಾಯಾಧೀಶರು ಬರ್ತಾರಂತೆ ಶರತ್ಕಾಲಕ್ಕೆ. ಅಲ್ಲಿ ಕೇಳೋಣ. ನಾನು ಬರ್ತೀನಿ, ಆಣೆ ಮಾಡ್ತೀನಿ."

"ಏನು ಆಣೆ ಮಾಡ್ತೀಯ? ನೀನೂ ನಕ್ಕಿದ್ದೆ, ನಾನೂ ನಕ್ಕಿದ್ದೆ. ಕೇಳಿದ್ರೆ ಇಲ್ಲ ಅಂತೀಯಾ?" ಅಂದಳು. ತೋಳು ಬಿಡಿಸಿಕೊಂಡು ನಡೆದಳು.

ಹೇಮೊ ಅವಳನ್ನು ಓಡಿಸಲಿಲ್ಲ. ಓಡಿಸಿದ್ದರೆ ಚೆನ್ನಾಗಿತ್ತು. ಕುರಿ ತರುವ ತನಕ ಬಣ್ಣದ ಮನೆ ನಡೆಯಲಿ ಅಂತ ಅವಳನ್ನೇ ಕೂಲಿಗೆ ಇಟ್ಟುಕೊಂಡ. ಹುಲ್ಲಿನ ಮನೆಯಲ್ಲಿ ಮಲಗಲು ಜಾಗ, ದಿನಕ್ಕೆ ಎರಡು ಬಾರ್ಲಿ ರೊಟ್ಟಿ, ಬಟಾಣಿ ಗಂಜಿ. ನಮ್ಮ ಮನೆಗೆ ಬಾ ಅಂತ ನಾನು ಎಷ್ಟು ಕರೆದರೂ ಬರಲಿಲ್ಲ. ಹಾಬ್ ಹೋಗಿ ಕರೆದ, ಆಗಲೂ ಬರಲಿಲ್ಲ.

ಮೊನ್ನೆ ನೂಲಿನ ಮೂಟೆ ಹೊತ್ತುಕೊಂಡು ಹೋದೆ. ಹೇಮೊ ದೊಡ್ಡ ತೊಟ್ಟಿಯ ಮುಂದೆ ನಿಂತಿದ್ದ. ನೀಲಿ ತೊಟ್ಟಿ ಅಂದರೆ ಬದುಕಿರುವ ಪ್ರಾಣಿ ಇದ್ದ ಹಾಗೆ. ಕೈ ತಾಳುವಷ್ಟೇ ಬಿಸಿ ಇರಬೇಕು, ಹೆಚ್ಚಾದರೆ ಸಾಯುತ್ತದೆ, ಮತ್ತೆ ಎಬ್ಬಿಸಲು ಆಗುವುದಿಲ್ಲ. ಅವನಿಗೆ ಅದು ಗೊತ್ತಿರಲಿಲ್ಲ. ಬೇಗ ಆಗಲಿ ಅಂತ ಹಂಡೆಯಿಂದ ಕುದಿಯುವ ನೀರನ್ನೇ ಬಕೆಟ್ಟಿನಲ್ಲಿ ತೆಗೆದು ಸುರಿಯುತ್ತಿದ್ದ. ಒಂದು, ಎರಡು, ಮೂರು. ಹವೀಸ್ ಎರಡು ಮಾರು ದೂರದಲ್ಲಿ ಬಟ್ಟೆ ಹಿಂಡುತ್ತಿದ್ದಳು. ತಲೆ ಎತ್ತಿ ನೋಡಿದಳು. ಅವಳ ದುಡ್ಡಿನಲ್ಲಿ ಕಟ್ಟಿದ ತೊಟ್ಟಿ ಅದು. ಆಸ್ಬರ್ಟ್ ಹನ್ನೊಂದು ವರ್ಷ ಆರದಂತೆ, ಕುದಿಯದಂತೆ ಕಾದಿದ್ದ. ನೊರೆ ಕಂದು ಬಣ್ಣಕ್ಕೆ ತಿರುಗಿ ಒಡೆಯತೊಡಗಿತು. ವಾಸನೆ ಬಂತು. ಅವಳು ತಲೆ ತಗ್ಗಿಸಿ ಬಟ್ಟೆ ಹಿಂಡಿದಳು.

ಹೇಮೊ ಆಚೆ ಹೋದ ಮೇಲೆ ನಾನು ತಡೆಯಲಾರದೆ ಅವಳ ಭುಜ ಹಿಡಿದು ಅಲ್ಲಾಡಿಸಿದೆ. "ನೋಡ್ತಾ ಕೂತಿದ್ಯಲ್ಲ ಅಕ್ಕ! ಯಾಕೆ ಬಾಯಿ ಬಿಡಲಿಲ್ಲ? ಅವನ ಮೇಲಿನ ಸಿಟ್ಟಿಗಾ?"

ಸಿಟ್ಟಿಗೆ ಅಂದಿದ್ದರೆ ನಾನು ಕುಣಿದುಬಿಡುತ್ತಿದ್ದೆ.

"ಏನಕ್ಕೆ ಹೇಳಬೇಕಿತ್ತು?" ಅಂದಳು. ಕೊಂಕಾಗಿ ಅಲ್ಲ. ನನ್ನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದಳು. ಆಮೇಲೆ ನನ್ನ ಬೆನ್ನಿಂದ ನೂಲಿನ ಮೂಟೆ ಇಳಿಸಿಕೊಂಡು, ಒದ್ದೆಯಾಗದಂತೆ ಗೋಡೆ ಬದಿಗೆ ಇಟ್ಟು, ಮತ್ತೆ ಹಿಂಡಲು ಕೂತಳು.